ಚಿಕ್ಕಪೇಟೆಯಲ್ಲಿ ‘ಟುಕ್’ ಮಾಡಿದ ಸೀರೆ: ಗೆಟ್, ಫೆಚ್, ಕಲೆಕ್ಟ್, ರಿಟ್ರೀವ್ ಗೊಂದಲ

ಬಹಳ ವರ್ಷದ ಹಿಂದಿನ ಮಾತು. ನಮ್ಮ ಆಫೀಸಿಗೆ ಲಂಡನ್ನಿನಿಂದ ಒಬ್ಬರು ಬಂದಿದ್ದರು. ನಾನು ಉಟ್ಟಿದ್ದ ಸೀರೆ ಅವರಿಗೆ ತುಂಬ ಹಿಡಿಸಿತು. ಎಲ್ಲಿಯದು ಅಂತ ಕೇಳಿದರು. ನಾನು ಖುಷಿಯಲ್ಲಿ ‘ಐ ಟುಕ್ ಇಟ್ ಫ್ರಮ್ ಎ ಶಾಪ್ ಇನ್ ಚಿಕ್ಕಪೇಟೆ’ ಅಂದುಬಿಟ್ಟೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ನಗುತ್ತಾ, ‘ದುಡ್ಡು ಕೊಟ್ಟೆ ತಾನೆ?’ ಅಂದರು.

ನನಗೆ ಆಗ ಅರ್ಥವೇ ಆಗಲಿಲ್ಲ. ‘ಚಿಕ್ಕಪೇಟೇಲಿ ತಗೊಂಡೆ’ ಅಂತ ನಾವು ಹೇಳಿದರೆ ದುಡ್ಡು ಕೊಟ್ಟಿದ್ದು, ಚೌಕಾಸಿ ಮಾಡಿದ್ದು, ಬಿಲ್ ಹಾಕಿಸಿದ್ದು ಎಲ್ಲ ಆ ಒಂದು ಮಾತಿನೊಳಗೇ ಇರುತ್ತದೆ. ಇಂಗ್ಲಿಷಿನ ‘ಟೇಕ್’ ಹಾಗಲ್ಲ. ಅದರಲ್ಲಿ ವಸ್ತು ಕೈಗೆ ಬಂತು ಅನ್ನೋದಷ್ಟೇ ಇದೆ, ಕಾಸಿನ ಸುಳಿವಿಲ್ಲ. ಅಂಗಡಿಯಿಂದ ಟುಕ್ ಅಂದರೆ ಅವರ ಕಿವಿಗೆ ಎತ್ತಿಕೊಂಡು ಬಂದ ಹಾಗೆ ಕೇಳುತ್ತದೆ. ತಮಾಷೆ ಏನು ಗೊತ್ತಾ, ಅಂಗಡಿಯವನ ಎದುರು ನಿಂತು ‘ಐ ವಿಲ್ ಟೇಕ್ ಇಟ್’ ಅಂದರೆ ಅದು ಸರಿಯೇ. ಅಲ್ಲಿ ಅದಕ್ಕೆ ‘ಇದು ಇರಲಿ, ಪ್ಯಾಕ್ ಮಾಡಿ’ ಅಂತಲೇ ಅರ್ಥ. ಮನೆಗೆ ಬಂದು ಅದೇ ಕತೆ ಹೇಳುವಾಗ ಮಾತ್ರ ‘ಬಾಟ್’ ಅಥವಾ ‘ಗಾಟ್’ ಅನ್ನಬೇಕು.

ಅವತ್ತಿನಿಂದ ಈ ಪದಗಳ ಹಿಂದೆ ಬಿದ್ದೆ. ಗೆಟ್, ಟೇಕ್, ಬ್ರಿಂಗ್, ಫೆಚ್, ಪಿಕ್ ಅಪ್, ಕಲೆಕ್ಟ್, ಅಬ್ಟೇನ್, ಅಕ್ವೈರ್, ಪ್ರೊಕ್ಯೂರ್, ರಿಟ್ರೀವ್, ರಿಕವರ್. ಡಿಕ್ಷನರಿ ತೆಗೆದರೆ ಎಲ್ಲದಕ್ಕೂ ಸುಮಾರಾಗಿ ‘ಪಡೆ’, ‘ತರು’ ಅಂತಲೇ ಬರೆದಿರುತ್ತದೆ. ಅದನ್ನು ನಂಬಿ ಬರೆದರೆ ವ್ಯಾಕರಣ ಸರಿ ಇರುತ್ತದೆ, ಆದರೂ ಎಲ್ಲೋ ಏನೋ ಕುಟುಕುತ್ತದೆ.

ಇದಕ್ಕೆ ಕಾರಣ ನಮಗೆ ಇಂಗ್ಲಿಷ್ ಬರಲ್ಲ ಅಂತಲ್ಲ. ಕನ್ನಡ ಈ ಕೆಲಸವನ್ನು ಬೇರೆ ಥರ ಹೋಳು ಮಾಡಿಕೊಂಡಿದೆ, ಇಂಗ್ಲಿಷ್ ಬೇರೆ ಥರ. ನಮ್ಮ ಭಾಷೆಗೆ ಮುಖ್ಯವಾದದ್ದು ಹೇಗೆ ತಂದೆ ಅನ್ನೋದು. ವಸ್ತುವಾದರೆ ತಗೊಂಡು ಬಾ. ಮನುಷ್ಯರಾದರೆ ಕರ್ಕೊಂಡು ಬಾ. ಕೂಸಾದರೆ ಎತ್ಕೊಂಡು ಬಾ. ಹಸುವಾದರೆ ಹೊಡ್ಕೊಂಡು ಬಾ. ಹೊರೆಯಾದರೆ ಹೊತ್ಕೊಂಡು ಬಾ. ಹೂವಾದರೆ ಕಿತ್ಕೊಂಡು ಬಾ, ಅಡವಿಟ್ಟ ಸರವಾದರೆ ಬಿಡಿಸ್ಕೊಂಡು ಬಾ. ನಮ್ಮಜ್ಜಿ ಇಂಥ ಹತ್ತು ಕೆಲಸವನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು, ಒಂದರ ಬದಲು ಇನ್ನೊಂದು ಬಳಸಿದರೆ ನಗುತ್ತಿದ್ದರು. ಹೆಂಡತಿಯನ್ನು ‘ತಗೊಂಡು ಬಾ’ ಅನ್ನೋ ಹಾಗಿಲ್ಲ ಅಲ್ವಾ?

ಇಂಗ್ಲಿಷಿಗೆ ಇದು ಲೆಕ್ಕಕ್ಕೇ ಇಲ್ಲ. ಹೆಂಡತಿಯಾಗಲಿ, ಹಸುವಾಗಲಿ, ಹಲಸಿನಹಣ್ಣಾಗಲಿ, ಎಲ್ಲಕ್ಕೂ ‘ಬ್ರಿಂಗ್’ ನಡೆಯುತ್ತದೆ. ಅದು ಕೇಳುವ ಪ್ರಶ್ನೆಗಳೇ ಬೇರೆ. ಮಾತಾಡುವವರು ಎಲ್ಲಿದ್ದಾರೆ? ಹೋಗಿ ಬರಬೇಕೋ, ಬರೀ ಬಂದರೆ ಸಾಕೋ? ಅದು ಮೊದಲೇ ನಿನ್ನದಾಗಿತ್ತೋ? ಕಳೆದುಹೋಗಿತ್ತೋ, ಇಟ್ಟ ಜಾಗದಲ್ಲೇ ಇತ್ತೋ? ಇನ್ನೊಂದು ಪ್ರಶ್ನೆಯೂ ಇದೆ. ಇದು ಮನೆಯ ಮಾತೋ, ಆಫೀಸಿನ ಕಾಗದವೋ?

ಬ್ರಿಂಗ್ ಮತ್ತು ಟೇಕ್ ನಮಗೆ ಕಷ್ಟವಾಗಬಾರದು. ಯಾಕಂದ್ರೆ ತರು ಮತ್ತು ಒಯ್ಯು ಅಂತ ಅದೇ ಜೋಡಿ ನಮ್ಮಲ್ಲೂ ಇದೆ. ಬೆಂಗಳೂರು, ಮೈಸೂರು ಕಡೆ ‘ಒಯ್ಯು’ ಪುಸ್ತಕದ ಮಾತಾಗಿಬಿಟ್ಟಿದೆ, ‘ತಗೊಂಡು ಹೋಗು’ ಅಂತೀವಿ. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ‘ಒಯ್ರಿ’ ಅಂತಾರೆ, ನನಗಂತೂ ಅದು ಕೇಳೋಕೆ ಚೆಂದ. ಮನೆಯಲ್ಲಿರುವ ಅಮ್ಮ ‘ಪುಸ್ತಕ ತಗೊಂಡು ಹೋಗು’ ಅಂದರೆ ಟೇಕ್. ಶಾಲೆಯಲ್ಲಿರುವ ಟೀಚರ್ ‘ನಾಳೆ ಪುಸ್ತಕ ತಗೊಂಡು ಬಾ’ ಅಂದರೆ ಬ್ರಿಂಗ್. ಪುಸ್ತಕವೂ ಒಂದೇ, ದಾರಿಯೂ ಒಂದೇ, ನಿಂತ ಜಾಗ ಬೇರೆ. ಫೋನಿನಲ್ಲಿ ‘ನಿಮ್ಮ ಮನೆಗೆ ಬರ್ತೀನಿ, ಬರ್ತಾ ಸ್ವೀಟ್ ತರ್ತೀನಿ’ ಅನ್ನುತ್ತೀವಲ್ಲ, ಅಲ್ಲಿ ಕೇಳುವವರ ಜಾಗವನ್ನೇ ನಮ್ಮದು ಮಾಡಿಕೊಂಡು ‘ಬರು’, ‘ತರು’ ಬಳಸುತ್ತೀವಿ. ಇಂಗ್ಲಿಷಿನಲ್ಲೂ ಹಾಗೇ ‘ಕಮ್’, ‘ಬ್ರಿಂಗ್’. ಅಮೆರಿಕದವರು ಟೇಕ್ ಇರಬೇಕಾದ ಕಡೆಯೂ ಎಷ್ಟೋ ಸಲ ಬ್ರಿಂಗ್ ಅಂದುಬಿಡುತ್ತಾರೆ. ಹಾಗಾಗಿ ಇಲ್ಲಿ ಒಂದು ಸಲ ತಪ್ಪಿದರೆ ಆಕಾಶವೇನೂ ಬೀಳಲ್ಲ.

ನಾವು ತಪ್ಪೋದು ಬ್ರಿಂಗ್ ಜಾಗದಲ್ಲಿ ‘ಗೆಟ್’ ತಂದು ಕೂರಿಸುವಾಗ. ‘ಬರುವಾಗ ಎರಡು ಫೋಟೋ ತನ್ನಿ’ ಅನ್ನೋದಕ್ಕೆ ಇಲ್ಲಿ ಎಲ್ಲರೂ ‘ಪ್ಲೀಸ್ ಗೆಟ್ ಟು ಫೋಟೋಸ್’ ಅಂತಾರೆ. ನಮ್ಮ ದೇಶದಲ್ಲಿ ಇದು ಸಲೀಸಾಗಿ ನಡೆಯುತ್ತದೆ. ಹೊರಗಿನವರ ಕಿವಿಗೆ ಮಾತ್ರ ಬೇರೆ ಅರ್ಥ. ಫೋಟೋ ನಿನ್ನ ಹತ್ತಿರ ಇನ್ನೂ ಇಲ್ಲ, ಹೋಗಿ ತೆಗೆಸಿಕೋ ಅಂದಂತೆ. ನಿಮ್ಮ ಪರ್ಸಿನಲ್ಲಿ ಈಗಾಗಲೇ ಇರೋದಕ್ಕೆ ಬ್ರಿಂಗ್, ಎಲ್ಲಿಂದಲೋ ಹೊಂದಿಸಬೇಕಾದ್ದಕ್ಕೆ ಗೆಟ್. ಪಾಸ್‌ಪೋರ್ಟ್ ವಿಷಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ‘ಬ್ರಿಂಗ್ ಯುವರ್ ಪಾಸ್‌ಪೋರ್ಟ್’ ಅಂದರೆ ಬೀರುವಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡರೆ ಆಯಿತು. ‘ಗೆಟ್ ಎ ಪಾಸ್‌ಪೋರ್ಟ್’ ಅಂದರೆ ಅರ್ಜಿ, ಪೊಲೀಸ್ ವೆರಿಫಿಕೇಶನ್, ಕಾಯೋದು, ಎಲ್ಲ ಬಂತು.

ಫೆಚ್ ಅಂದರೆ ‘ಹೋಗಿ ತಗೊಂಡು ಬಾ’. ಎರಡು ಸುತ್ತಿನ ಪ್ರಯಾಣ. ಇಲ್ಲಿಂದ ಹೊರಟು, ಅಲ್ಲಿ ಹಿಡಿದು, ಮತ್ತೆ ಇಲ್ಲಿಗೇ ಬರೋದು. ಪಕ್ಕದ ರೂಮಿನಿಂದ ಕನ್ನಡಕ ತರಬೇಕಾದರೆ ಫೆಚ್ ಸರಿಯಾದ ಪದ. ಆದರೆ ಒಂದು ಎಚ್ಚರ ಬೇಕು. ಚೆಂಡು ಎಸೆದು ನಾಯಿಗೆ ಹೇಳುವ ಮಾತೂ ಇದೇ. ಬ್ರಿಟನ್ನಿನಲ್ಲಿ ಮನೆಮಂದಿಯ ನಡುವೆ ಇದು ಸಹಜ. ಅಮೆರಿಕದ ಸಹೋದ್ಯೋಗಿಗೆ ‘ಫೆಚ್ ಮಿ ದ ಫೈಲ್’ ಅಂದರೆ ಆಳಿಗೆ ಹೇಳಿದ ಹಾಗಾಗುತ್ತದೆ. ಅಲ್ಲಿ ‘ಕುಡ್ ಯು ಗೆಟ್ ಮಿ ದ ಫೈಲ್’ ಸಾಕು. ಫೆಚ್‌ಗೆ ಇನ್ನೊಂದು ಜೀವನವಿದೆ, ಅದು ಮಾರುಕಟ್ಟೆಯಲ್ಲಿ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಗೆ ಒಳ್ಳೆ ರೇಟು ಬಂತು ಅನ್ನೋದನ್ನು ಇಂಗ್ಲಿಷ್ ಪೇಪರಿನವರು ಅಡಿಕೆಯೇ ಹೋಗಿ ಬೆಲೆ ಫೆಚ್ ಮಾಡಿತು ಅಂತ ಬರೆಯುತ್ತಾರೆ. ಬೆಳೆದವನು ಮನೆಯಲ್ಲಿ ಕೂತಿದ್ದರೂ ಮಾಲು ಹೋಗಿ ದುಡ್ಡು ಹೊತ್ತುಕೊಂಡು ಬಂತು ಅಂತ ಲೆಕ್ಕ. ನನಗೆ ಇದು ಇಷ್ಟ.

ಸಾಫ್ಟ್‌ವೇರ್ ಮಂದಿಗೆ ಗೊತ್ತಿರುತ್ತದೆ, ಹಲವರು ಸೇರಿ ಬರೆಯುವ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನೋ ಸಾಧನದಲ್ಲಿ ಫೆಚ್ ಬೇರೆ, ಪುಲ್ ಬೇರೆ. ಫೆಚ್ ಕೊಟ್ಟರೆ ಸರ್ವರ್‌ನಲ್ಲಿ ಏನೇನು ಹೊಸದಿದೆಯೋ ಅದನ್ನು ತಂದು ಪಕ್ಕದಲ್ಲಿ ಇಡುತ್ತದೆ, ನಿಮ್ಮ ಕೆಲಸವನ್ನು ಮುಟ್ಟಲ್ಲ. ಪುಲ್ ಕೊಟ್ಟರೆ ತಂದದ್ದನ್ನು ನಿಮ್ಮದರ ಜೊತೆ ಸೇರಿಸಿಯೂ ಬಿಡುತ್ತದೆ. ಹೆಸರಿಟ್ಟವರು ಇಂಗ್ಲಿಷ್ ಚೆನ್ನಾಗಿಯೇ ಬಳಸಿದ್ದಾರೆ. ಫೆಚ್‌ನಲ್ಲಿ ಬರೀ ತರುವ ಕೆಲಸ, ತಂದದ್ದನ್ನು ಏನು ಮಾಡಬೇಕು ಅನ್ನೋದು ಹೇಳಿದವರಿಗೆ ಬಿಟ್ಟದ್ದು.

ಇನ್ನು ‘ಪಿಕ್’. ಬೆಂಗಳೂರಿನಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ತಪ್ಪು ಇದು. ‘ಐ ವಿಲ್ ಪಿಕ್ ಯು ಅಟ್ ಎಯ್ಟ್’. ‘ಹಿ ಈಸ್ ನಾಟ್ ಪಿಕಿಂಗ್ ದ ಕಾಲ್’. ಎರಡರಲ್ಲೂ ‘ಅಪ್’ ಉದುರಿಹೋಗಿದೆ. ಪಿಕ್ ಅಂದರೆ ಆರಿಸು, ಇಲ್ಲವೇ ಕೀಳು. ಪಿಕ್ ಅಪ್ ಅಂದರೆ ಎತ್ತು, ಹೋಗಿ ಕರ್ಕೊಂಡು ಬಾ. ‘ಐ ವಿಲ್ ಪಿಕ್ ಯು’ ಅಂದರೆ ಹತ್ತು ಜನರಲ್ಲಿ ನಿನ್ನನ್ನೇ ಆರಿಸುತ್ತೀನಿ ಅಂತ. ಕ್ರಿಕೆಟ್ ಟೀಮಿನ ಸೆಲೆಕ್ಟರ್ ಹೇಳಿದರೆ ಸರಿ, ಮೆಜೆಸ್ಟಿಕ್ಕಿಗೆ ಸ್ಕೂಟರ್ ತರುವ ಭಾವ ಹೇಳಿದರೆ ಅಲ್ಲ. ಕನ್ನಡದಲ್ಲಿ ನಾವು ‘ಪಿಕಪ್ ಮಾಡು’ ಅಂತ ಸರಿಯಾಗೇ ಅನ್ನುತ್ತೀವಿ. ಇಂಗ್ಲಿಷಿಗೆ ಹೋದ ತಕ್ಷಣ ಅಪ್ ಎಲ್ಲಿಗೆ ಹೋಗುತ್ತೋ ಕಾಣೆ.

ಬ್ರಿಟಿಷರು ಇದೇ ಜಾಗದಲ್ಲಿ ‘ಕಲೆಕ್ಟ್’ ಅನ್ನುತ್ತಾರೆ. ಶಾಲೆಯಿಂದ ಮಕ್ಕಳನ್ನು ಕಲೆಕ್ಟ್ ಮಾಡುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ಮಕ್ಕಳನ್ನು ಬುಟ್ಟಿಗೆ ತುಂಬಿಕೊಂಡ ಹಾಗೆ ಕಂಡಿತ್ತು. ಕಲೆಕ್ಟ್‌ಗೆ ಒಂದಷ್ಟು ಸೇರಿಸು, ಗುಡ್ಡೆ ಹಾಕು ಅನ್ನೋ ಅರ್ಥ ನಮಗೆ ಮೊದಲು ಬರುತ್ತದೆ, ಚಂದಾ ಕಲೆಕ್ಷನ್ ಇದೆಯಲ್ಲ ಹಾಗೆ. ಆದರೆ ಅದಕ್ಕೆ ಇನ್ನೊಂದು ಅರ್ಥ ಇದೆ. ನಿಮ್ಮ ಹೆಸರಿನಲ್ಲಿ ಒಂದು ಕಡೆ ಸಿದ್ಧವಾಗಿ ಕಾಯ್ತಾ ಇರೋದನ್ನು ಹೋಗಿ ತಗೊಳ್ಳೋದು. ಟೈಲರ್ ಹತ್ತಿರ ಹೊಲಿದಿಟ್ಟ ಬ್ಲೌಸು, ಕೌಂಟರಿನಲ್ಲಿರುವ ಪಾರ್ಸೆಲ್ಲು, ಕಾಲೇಜಿನ ಮಾರ್ಕ್ಸ್ ಕಾರ್ಡು, ಗೇಟಿನ ಹತ್ತಿರ ನಿಂತಿರುವ ಮಗು, ಎಲ್ಲಕ್ಕೂ ಕಲೆಕ್ಟ್ ಸರಿ. ಅಂಗಡಿಯಲ್ಲಿ ಹುಡುಕಿ ಕೊಳ್ಳುವ ಈರುಳ್ಳಿಗೆ ಸರಿಯಲ್ಲ. ಈರುಳ್ಳಿ ನಿಮ್ಮ ಹೆಸರು ಬರೆಸಿಕೊಂಡು ಕಾಯ್ತಾ ಇರಲ್ಲ.

ಇಷ್ಟರ ನಡುವೆ ‘ಸಿಕ್ಕು’ ಅನ್ನೋ ನಮ್ಮ ಪದ ಮಾಡುವ ತೊಂದರೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಆಟೋ ಸಿಗ್ತಿಲ್ಲ, ನೆಟ್‌ವರ್ಕ್ ಸಿಗ್ತಿಲ್ಲ, ಕೀ ಸಿಕ್ತು, ಅವರು ಮಾರ್ಕೆಟ್ಟಲ್ಲಿ ಸಿಕ್ಕಿದ್ರು, ಈ ಹೋಟೆಲಲ್ಲಿ ನೀರುದೋಸೆ ಸಿಗುತ್ತೆ. ಕನ್ನಡದಲ್ಲಿ ಇಲ್ಲೆಲ್ಲ ಸಿಗುವ ವಸ್ತುವೇ ಕರ್ತೃ, ನಾವು ‘ನನಗೆ’ ಅಂತ ಪಕ್ಕದಲ್ಲಿ ನಿಂತಿರುತ್ತೀವಿ. ಅದನ್ನು ಹಾಗೇ ಇಳಿಸಿದರೆ ‘ಆಟೋ ಈಸ್ ನಾಟ್ ಗೆಟಿಂಗ್’ ಆಗುತ್ತದೆ, ಅಂದರೆ ಆಟೋಗೆ ಪಾಪ ಏನೋ ಸಿಗ್ತಿಲ್ಲ. ಇಂಗ್ಲಿಷಿನಲ್ಲಿ ಗೆಟ್ ಮಾಡುವವರು ಮನುಷ್ಯರು, ಹಾಗಾಗಿ ವಾಕ್ಯ ‘ಐ’ಯಿಂದ ಶುರುವಾಗಬೇಕು. ಮತ್ತೆ ಎಲ್ಲ ಸಿಕ್ಕಿದ್ದೂ ಗೆಟ್ ಅಲ್ಲ. ಹುಡುಕಿದ ಕೀ ಸಿಕ್ಕರೆ ಫೈಂಡ್. ಪರಿಚಯದವರು ಸಿಕ್ಕರೆ ಮೀಟ್, ಅಚಾನಕ್ಕಾಗಿಯಾದರೆ ರನ್ ಇನ್‌ಟು. ‘ಐ ಗಾಟ್ ಹಿಮ್ ಇನ್ ದ ಮಾರ್ಕೆಟ್’ ಅಂದರೆ ಪೊಲೀಸರು ಕಳ್ಳನನ್ನು ಹಿಡಿದ ಹಾಗೆ, ಇಲ್ಲ ಅಂದರೆ ಗುಲಾಮನನ್ನು ಕೊಂಡ ಹಾಗೆ.

ಹಾಗಿದ್ದರೆ ಗೆಟ್ ಬಿಟ್ಟುಬಿಡೋಣವೇ? ಬೇಡ. ಶಾಲೆಯಲ್ಲಿ ನಮಗೆ ಪ್ರಬಂಧದಲ್ಲಿ ‘ಗೆಟ್’ ಬರೆಯಬೇಡಿ, ಅದು ಕೀಳು ಇಂಗ್ಲಿಷ್ ಅಂತ ಹೇಳಿಕೊಟ್ಟಿದ್ದರು. ಅರ್ಧ ತಪ್ಪು ಬುದ್ಧಿಮಾತು ಅದು. ಮಾತಿನಲ್ಲಿ, ವಾಟ್ಸಾಪಿನಲ್ಲಿ, ಸಾಧಾರಣ ಇಮೇಲಿನಲ್ಲಿ ಅನುಮಾನ ಬಂದಾಗ ಗೆಟ್ ಹಾಕಿದರೆ ನೂರಕ್ಕೆ ತೊಂಬತ್ತು ಸಲ ಬಚಾವ್. ಗೆಟ್‌ಗೆ ಹೆದರಿ ‘ಐ ಅಬ್ಟೇನ್ಡ್ ಸಮ್ ವೆಜಿಟಬಲ್ಸ್’ ಅಂತ ಬರೆದರೆ ಸೊಪ್ಪು ತರೋಕೆ ಕೋರ್ಟಿನಿಂದ ಆರ್ಡರ್ ತಂದ ಹಾಗಿರುತ್ತದೆ.

ಹೀಗೆ ಯಾಕೆ ಕೇಳುತ್ತದೆ ಅನ್ನೋದಕ್ಕೆ ಸಣ್ಣ ಇತಿಹಾಸ ಇದೆ. ಬ್ರಿಂಗ್, ಫೆಚ್ ಹಳೆಯ ಇಂಗ್ಲಿಷಿನವೇ. ಗೆಟ್ ಮತ್ತು ಟೇಕ್ ವೈಕಿಂಗರ ಜೊತೆ ಬಂದ ನಾರ್ಸ್ ಪದಗಳು, ಬಂದು ಮನೆಯವೇ ಆಗಿಬಿಟ್ಟವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಆಳುವವರ ಭಾಷೆಯಾಯಿತು. ಅಬ್ಟೇನ್, ಅಕ್ವೈರ್, ಪ್ರೊಕ್ಯೂರ್, ರಿಕವರ್ ಥರದವು ಮುಂದಿನ ಶತಮಾನಗಳಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಕಡೆಯಿಂದ ಬಂದು ಕಚೇರಿ, ಕೋರ್ಟು, ಪಂಡಿತರ ಜೊತೆ ಕೂತವು. ನಮಗೆ ಇದನ್ನು ವಿವರಿಸೋದೇ ಬೇಡ. ನಮ್ಮಲ್ಲೂ ಇದೇ ಕತೆ. ಸೈಟ್ ‘ಕೊಂಡೆ’ ಅಂತೀವಿ, ಅದು ಕನ್ನಡ. ಸರ್ಕಾರ ರಾಗಿ ‘ಖರೀದಿ’ ಮಾಡುತ್ತದೆ, ಅದು ಪಾರ್ಸಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗೋದು ‘ಕ್ರಯ’ಪತ್ರ, ಅದು ಸಂಸ್ಕೃತ. ಮೂರೂ ಕೊಳ್ಳೋದೇ. ಆದರೂ ‘ಒಂದು ಕಟ್ಟು ಕೊತ್ತಂಬರಿ ಕ್ರಯಕ್ಕೆ ಪಡೆದೆ’ ಅಂತ ಯಾರಾದರೂ ಅಂದರೆ ನಾಟಕದವರು ಅಂದುಕೊಳ್ಳುತ್ತೀವಿ. ಅಬ್ಟೇನ್ ಮಾಡಿದ ಸೊಪ್ಪು ಇಂಗ್ಲಿಷಿನವರಿಗೆ ಹಾಗೇ ಕೇಳುತ್ತದೆ.

ಅಬ್ಟೇನ್‌ನ ಸರಿಯಾದ ಜಾಗ ನಮ್ಮ ಮಾರ್ಕ್ಸ್ ಕಾರ್ಡಿನಲ್ಲೇ ಇತ್ತು. ಗರಿಷ್ಠ ಅಂಕ ಒಂದು ಕಡೆ, ‘ಮಾರ್ಕ್ಸ್ ಅಬ್ಟೇನ್ಡ್’ ಇನ್ನೊಂದು ಕಡೆ. ಒಂದು ಕ್ರಮ, ಒಂದು ಅರ್ಜಿ, ಒಂದಿಷ್ಟು ಶ್ರಮ ದಾಟಿ ಕೈಗೆ ಬಂದದ್ದಕ್ಕೆ ಅಬ್ಟೇನ್. ಲೈಸೆನ್ಸು, ಅನುಮತಿ, ಸರ್ಟಿಫೈಡ್ ಕಾಪಿ, ಮಾಹಿತಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕುವ ಆರನೇ ಕಲಮಿನ ಇಂಗ್ಲಿಷ್ ಪಾಠ ನೋಡಿ, ಅಲ್ಲಿ ಮಾಹಿತಿ ‘ಅಬ್ಟೇನ್’ ಮಾಡೋದರ ಮಾತೇ ಇದೆ. ಅಲ್ಲಿ ಗೆಟ್ ಹಾಕಿದ್ದರೆ ಲುಂಗಿಯಲ್ಲಿ ಕೋರ್ಟಿಗೆ ಹೋದ ಹಾಗಿರುತ್ತಿತ್ತು.

ಅಕ್ವೈರ್ ಅಂದರೆ ನಿಧಾನವಾಗಿ ನಿನ್ನದಾಗೋದು, ಆದ ಮೇಲೆ ನಿನ್ನಲ್ಲೇ ಉಳಿಯೋದು. ಭಾಷೆ, ಕೌಶಲ, ಹೆಸರು, ಆಸ್ತಿ. ಹಾಗಲಕಾಯಿ ಗೊಜ್ಜಿನ ರುಚಿಯೂ ಅಕ್ವೈರ್ ಆಗುವಂಥದ್ದೇ, ಹುಟ್ಟುತ್ತಲೇ ಯಾರಿಗೂ ಹಿಡಿಸಲ್ಲ. ಏಡ್ಸ್ ಅನ್ನೋ ಹೆಸರಿನ ಮೊದಲ ಅಕ್ಷರ ‘ಅಕ್ವೈರ್ಡ್’ನದು, ಹುಟ್ಟಿನಿಂದ ಬಂದ ರೋಗನಿರೋಧಕ ಕೊರತೆಯಲ್ಲ, ಆಮೇಲೆ ಅಂಟಿದ್ದು ಅಂತ ಹೇಳೋಕೆ. ದೊಡ್ಡ ವ್ಯವಹಾರಕ್ಕೂ ಇದೇ ಪದ. 2018ರಲ್ಲಿ ವಾಲ್‌ಮಾರ್ಟ್ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಬಹುಪಾಲು ಷೇರು ಅಕ್ವೈರ್ ಮಾಡಿತು. ಇನ್ನು ರೈತರಿಗೆ ಈ ಪದ ಗೊತ್ತಿರೋದು ಭೂಸ್ವಾಧೀನದಿಂದ. 1894ರ ಕಾಯ್ದೆಯ ಹೆಸರಿನಲ್ಲೇ ‘ಲ್ಯಾಂಡ್ ಅಕ್ವಿಸಿಶನ್’ ಇತ್ತು, 2013ರಲ್ಲಿ ಹೊಸ ಕಾಯ್ದೆ ಬಂದ ಮೇಲೂ ಆ ಪದ ಹೋಗಿಲ್ಲ. ಜಮೀನು ‘ಅಕ್ವೈರ್ ಆಯ್ತು’ ಅಂತ ಹಳ್ಳಿಯಲ್ಲೂ ಅಂತಾರೆ, ಅಲ್ಲಿ ಪಡೆದವರು ಸರ್ಕಾರ, ಹೇಳುವವರು ಕಳಕೊಂಡವರು.

ಪ್ರೊಕ್ಯೂರ್‌ನಲ್ಲಿ ಓಡಾಟ ಇದೆ, ಹೊಂದಿಸೋದಿದೆ. ಡೈರಿಯವರು ಹಾಲು ಪ್ರೊಕ್ಯೂರ್ ಮಾಡುತ್ತಾರೆ, ಇಲಾಖೆಯವರು ಇಂಡೆಂಟ್ ಹಾಕಿ, ಟೆಂಡರ್ ಕರೆದು ಕುರ್ಚಿ ಪ್ರೊಕ್ಯೂರ್ ಮಾಡುತ್ತಾರೆ. ನಮ್ಮ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯ ಹೆಸರಿನಲ್ಲಿ ‘ಪಬ್ಲಿಕ್ ಪ್ರೊಕ್ಯೂರ್‌ಮೆಂಟ್ಸ್’ ಅನ್ನೋದಕ್ಕೆ ಕನ್ನಡದಲ್ಲಿ ‘ಸಾರ್ವಜನಿಕ ಸಂಗ್ರಹಣೆ’ ಅಂತ ಇದೆ. ಕಚೇರಿಯ ಹೊರಗೆ ಈ ಪದ ಬೇಡ. ಅದರಲ್ಲೂ ಮನುಷ್ಯರಿಗೆ ಖಂಡಿತ ಬೇಡ. ‘ವಿ ವಿಲ್ ಪ್ರೊಕ್ಯೂರ್ ಟೂ ಗರ್ಲ್ಸ್ ಫಾರ್ ರಿಸೆಪ್ಶನ್’ ಅಂತ ಯಾರೋ ಬರೆದ ಇಮೇಲ್ ನೋಡಿ ನಾನು ಬೆವತಿದ್ದೆ. ವೇಶ್ಯಾವಾಟಿಕೆಗೆ ಜನ ಒದಗಿಸೋದಕ್ಕೆ ಇಂಗ್ಲಿಷ್ ಕಾನೂನಿನಲ್ಲಿರುವ ಪದ ಇದೇ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ ಐದನೇ ಕಲಮು ಇದರ ಬಗ್ಗೆಯೇ ಇದೆ. ಕೆಲಸಕ್ಕೆ ಜನ ಬೇಕಾದರೆ ‘ಹೈರ್’ ಅನ್ನಿ, ‘ರಿಕ್ರೂಟ್’ ಅನ್ನಿ.

‘ಅವೈಲ್’ ಬಗ್ಗೆ ಒಂದು ಮಾತು. ರಜೆ ಅವೈಲ್ ಮಾಡಿದೆ, ಆಫರ್ ಅವೈಲ್ ಮಾಡಿ ಅನ್ನೋದು ನಮ್ಮ ದೇಶದ ಇಂಗ್ಲಿಷ್. ಬೇರೆ ಕಡೆ ಇದು ‘ಅವೈಲ್ ಒನ್‌ಸೆಲ್ಫ್ ಆಫ್’ ಅಂತ ಉದ್ದವಾಗಿ ಬರುತ್ತದೆ. ಅಷ್ಟು ಒದ್ದಾಡುವ ಬದಲು ‘ಟೇಕ್ ಲೀವ್’, ‘ಯೂಸ್ ದ ಆಫರ್’ ಅಂದರೆ ಮುಗಿಯಿತು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಗುಂಪು, ವಾಪಸ್ ಬರುವ ಪದಗಳು. ಇವಕ್ಕೆಲ್ಲ ಹಿಂದೆ ಒಂದು ಕತೆ ಬೇಕು. ಮೊದಲು ಇತ್ತು, ಆಮೇಲೆ ಕೈಯಲ್ಲಿ ಇರಲಿಲ್ಲ, ಈಗ ಬಂತು. ಎಲ್ಲಕ್ಕೂ ಆಗುವ ಮನೆಮಾತು ‘ಗೆಟ್ ಬ್ಯಾಕ್’. ಅದರಾಚೆಗೆ ಹೋದರೆ, ನಡುವಿನ ಕಾಲದಲ್ಲಿ ವಸ್ತು ಎಲ್ಲಿತ್ತು ಅನ್ನೋದರ ಮೇಲೆ ಪದ ಬದಲಾಗುತ್ತದೆ.

ರಿಟ್ರೀವ್ ಹಳೆಯ ಫ್ರೆಂಚಿನಿಂದ ಬಂದದ್ದು, ಮತ್ತೆ ಕಂಡುಹಿಡಿ ಅಂತ ಮೂಲ ಅರ್ಥ. ಬೇಟೆಯ ನಾಯಿಯ ಕೆಲಸಕ್ಕೆ ಅದನ್ನು ಬಳಸುತ್ತಿದ್ದರು. ಗುಂಡು ತಗುಲಿದ ಬಾತುಕೋಳಿ ನೀರಿನಲ್ಲಿ ಬೀಳುತ್ತದೆ, ನಾಯಿ ಈಜಿಕೊಂಡು ಹೋಗಿ ಹುಡುಕಿ ಕಚ್ಚಿಕೊಂಡು ಬರುತ್ತದೆ. ಲ್ಯಾಬ್ರಡಾರ್ ರಿಟ್ರೀವರ್ ಅನ್ನೋ ಹೆಸರು ಅಲ್ಲಿಂದಲೇ. ಹಾಗಾಗಿ ಈ ಪದದಲ್ಲಿ, ಅದು ಎಲ್ಲೋ ಇದೆ, ಕೈಗೆ ಸುಲಭಕ್ಕೆ ಎಟುಕಲ್ಲ, ತಲುಪಿ ತೆಗೆಯಬೇಕು ಅನ್ನೋ ಭಾವ ಇದೆ. ಮಂಚದ ಕೆಳಗೆ ಉರುಳಿದ ಬಳೆ, ಬಾವಿಗೆ ಬಿದ್ದ ಕೊಡ, ಸರ್ವರ್‌ನಲ್ಲಿ ಇಟ್ಟ ಡೇಟಾ, ಸೇಫಿನಲ್ಲಿಟ್ಟ ಕಾಗದ. ಬಾವಿಗೆ ಬಿದ್ದ ಕೊಡ ತೆಗೆಯೋಕೆ ನಮ್ಮ ಹಳ್ಳಿಗಳಲ್ಲಿ ಪಾತಾಳಗರಡಿ ಅಂತ ಕೊಕ್ಕೆಗಳ ಗೊಂಚಲು ಇರುತ್ತಿತ್ತು, ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ರಿಟ್ರೀವ್ ಅಂದಾಗೆಲ್ಲ ನನಗೆ ಆ ಪಾತಾಳಗರಡಿಯೇ ಕಣ್ಮುಂದೆ ಬರುತ್ತದೆ. ಒಮ್ಮೆ ಆ ಚಿತ್ರ ತಲೆಯಲ್ಲಿ ಕೂತರೆ ಪದ ತಪ್ಪಲ್ಲ.

ರಿಕವರ್ ಹಾಗಲ್ಲ. ಅದರ ಹಿಂದೆ ನಷ್ಟ ಇರಬೇಕು, ಇಲ್ಲ ಅಂದರೆ ನಷ್ಟದ ಭಯವಾದರೂ ಇರಬೇಕು. ಆರೋಗ್ಯ ಕೆಟ್ಟು ಸುಧಾರಿಸಿದರೆ ರಿಕವರ್. ಕಳ್ಳತನವಾದ ಒಡವೆ ಪೊಲೀಸರಿಗೆ ಸಿಕ್ಕರೆ ರಿಕವರಿ. ಬ್ಯಾಂಕಿನವರು ಮುಳುಗುತ್ತಿರುವ ಸಾಲ ವಸೂಲಿಗೆ ಕಳಿಸೋದು ರಿಕವರಿ ಏಜೆಂಟ್. ಸರ್ಕಾರಿ ನೌಕರರಿಗೆ ತಪ್ಪಿ ಜಾಸ್ತಿ ಕೊಟ್ಟ ಸಂಬಳ ಹಿಂದಕ್ಕೆ ಹಿಡಿಯೋದೂ ರಿಕವರಿ, ಆ ಪದ ಕೇಳಿದರೆ ನಮ್ಮ ಚಿಕ್ಕಪ್ಪನಿಗೆ ಇವತ್ತಿಗೂ ಬಿಪಿ ಏರುತ್ತದೆ. ಕಂಪ್ಯೂಟರಿನಲ್ಲಿ ಇಟ್ಟ ಫೈಲ್ ತೆಗೆದರೆ ರಿಟ್ರೀವ್, ಅಳಿಸಿಹೋದ ಫೈಲ್ ಮತ್ತೆ ತಂದರೆ ರಿಕವರ್.

ಬಾಹ್ಯಾಕಾಶದಲ್ಲೂ ಎರಡೂ ಪದಗಳಿಗೆ ಉದಾಹರಣೆ ಇದೆ. 1984ರ ಫೆಬ್ರುವರಿಯಲ್ಲಿ ಬಿಟ್ಟ ಪಾಲಾಪ ಬಿ2, ವೆಸ್ಟಾರ್ 6 ಅನ್ನೋ ಎರಡು ಉಪಗ್ರಹಗಳು ಮೋಟಾರು ಕೈಕೊಟ್ಟು ಬೇಡದ ಕಕ್ಷೆಯಲ್ಲಿ ಸುತ್ತುತ್ತಾ ಉಳಿದವು. ಅದೇ ವರ್ಷ ನವೆಂಬರಿನಲ್ಲಿ ಡಿಸ್ಕವರಿ ಅನ್ನೋ ಅಮೆರಿಕದ ಬಾಹ್ಯಾಕಾಶ ನೌಕೆಯ ಗಗನಯಾತ್ರಿಗಳು ಹೋಗಿ, ಹಿಡಿದು, ಒಳಗಿಟ್ಟುಕೊಂಡು ಭೂಮಿಗೆ ತಂದರು. ಅದು ರಿಟ್ರೀವ್, ಪಾತಾಳಗರಡಿಯ ಕೆಲಸವನ್ನೇ ತಲೆಕೆಳಗಾಗಿ ಮಾಡಿದ್ದು. ನಮ್ಮ ಇಸ್ರೋ 2007ರ ಜನವರಿ 10ರಂದು ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಒಂದು ಕ್ಯಾಪ್ಸೂಲ್ ಕಳಿಸಿ, 22ರಂದು ಬಂಗಾಳ ಕೊಲ್ಲಿಗೆ ಇಳಿಸಿ ಎತ್ತಿಕೊಂಡಿತು. ಅದರ ಹೆಸರು ಸ್ಪೇಸ್ ಕ್ಯಾಪ್ಸೂಲ್ ರಿಕವರಿ ಎಕ್ಸ್‌ಪೆರಿಮೆಂಟ್. ಅಲ್ಲಿ ಪರೀಕ್ಷೆಗೆ ಒಡ್ಡಿದ್ದೇ, ಸುಟ್ಟು ಹೋಗದೆ, ಮುಳುಗದೆ ಉಳಿದು ಬರುತ್ತದೆಯೇ ಅನ್ನೋದು. ಭೂಮಿಗೆ ಇಳಿದದ್ದನ್ನು ಸಮುದ್ರದಿಂದ ಎತ್ತಿಕೊಳ್ಳೋದಕ್ಕೆ ಬಾಹ್ಯಾಕಾಶದವರು ಬಳಸುವ ಪದ ರಿಕವರಿ.

ರಿಡೀಮ್ ಬಗ್ಗೆ ನಮಗೆ ಹೇಳಿಕೊಡಬೇಕಾದ್ದೇ ಇಲ್ಲ, ‘ಬಿಡಿಸಿಕೊಳ್ಳು’ ಅನ್ನೋ ಸೊಗಸಾದ ಪದ ಇದೆ. ಅಡವಿಟ್ಟ ಬಳೆ, ಭೋಗ್ಯಕ್ಕೆ ಹಾಕಿದ ಗದ್ದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 60ನೇ ಕಲಮಿನಲ್ಲಿ ಅಡವಿಟ್ಟವನಿಗೆ ರಿಡೀಮ್ ಮಾಡಿಕೊಳ್ಳುವ ಹಕ್ಕು ಇದೆ. ಕೂಪನ್ ರಿಡೀಮ್ ಮಾಡೋದೂ ಅದೇ ಪದ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ‘ಮತ್ತೆ ಕೊಳ್ಳು’ ಅಂತ. ರಿಕ್ಲೇಮ್‌ನಲ್ಲಿ ಹಕ್ಕಿನ ಧ್ವನಿ ಜೋರು, ‘ಅದು ನನ್ನದು, ಕೊಡು’. ಬ್ರಿಟನ್ನಿನ ವಿಮಾನ ನಿಲ್ದಾಣದಲ್ಲಿ ಬ್ಯಾಗೇಜ್ ರಿಕ್ಲೇಮ್ ಅಂತ ಬೋರ್ಡು, ಅಮೆರಿಕದಲ್ಲಿ ಬರೀ ಬ್ಯಾಗೇಜ್ ಕ್ಲೇಮ್. ಮತ್ತೆ ದಯವಿಟ್ಟು ‘ರಿಟರ್ನ್ ಬ್ಯಾಕ್’ ಅನ್ನಬೇಡಿ. ರಿಟರ್ನ್‌ನಲ್ಲೇ ಬ್ಯಾಕ್ ಇದೆ, ‘ಗೇಟು ಬಾಗಿಲು’ ಅಂದ ಹಾಗೆ.

ಇಷ್ಟನ್ನೂ ಒಂದು ಕೊಡೆಯ ಮೇಲೆ ಹಾಕಿ ನೋಡೋಣ. ಗೆಳತಿಯ ಆಫೀಸಿನಲ್ಲಿ ನಿಮ್ಮ ಕೊಡೆ ಬಿಟ್ಟು ಬಂದಿದ್ದೀರಿ, ಈಗ ಹೋಗಿ ತರುತ್ತೀನಿ ಅಂತ ಮೆಸೇಜ್ ಮಾಡಬೇಕು. ‘ಗೆಟ್ ಮೈ ಅಂಬ್ರೆಲಾ’ ಅಂದರೆ ಸಾಕು, ಯಾರೂ ಹುಬ್ಬೇರಿಸಲ್ಲ. ‘ಪಿಕ್ ಅಪ್’ ಅಂದರೆ ದಾರಿಯಲ್ಲಿ ಹಾಗೇ ಬಂದು ಹೋಗ್ತೀನಿ ಅನ್ನೋ ಸಲಿಗೆ. ‘ಕಲೆಕ್ಟ್’ ಅಂದರೆ ರಿಸೆಪ್ಶನ್ನಿನಲ್ಲಿ ಅವರು ಎತ್ತಿಟ್ಟಿದ್ದಾರೆ, ಸ್ವಲ್ಪ ಗೌರವದಿಂದ ಹೋಗಿ ತಗೊಳ್ತೀನಿ ಅಂತ. ‘ಫೆಚ್’ ಅಂದರೆ ನೀವು ಈಗ ಅವರ ಜೊತೆಯಲ್ಲೇ ಕೆಳಗೆ ಕ್ಯಾಂಟೀನಿನಲ್ಲಿ ಕೂತಿದ್ದೀರಿ, ಮೇಲೆ ಹೋಗಿ ಇಲ್ಲಿಗೇ ವಾಪಸ್ ಬರ್ತೀರಿ. ‘ಟೇಕ್’ ಅಂದರೆ, ಹಿಂದೆ ಮುಂದೆ ಏನೂ ಹೇಳದಿದ್ದರೆ, ಅದು ನಿಮ್ಮದೋ ಅಲ್ಲವೋ ಅನ್ನೋ ಸಣ್ಣ ಅನುಮಾನ ಉಳಿಯುತ್ತದೆ. ‘ರಿಟ್ರೀವ್’ ಅಂದರೆ ಕೊಡೆ ಬೀರುವಿನ ಹಿಂದೆ ಬಿದ್ದಿದೆ, ಇಲ್ಲವೇ ನೀವು ತಮಾಷೆಗೆ ದೊಡ್ಡ ಮಾತು ಬಳಸುತ್ತಿದ್ದೀರಿ. ‘ರಿಕವರ್’ ಅಂದರೆ ಯಾರೋ ಕದ್ದಿದ್ದರು. ‘ರಿಕ್ಲೇಮ್’ ಅಂದರೆ ಗೆಳತಿಯೇ ಮೂರು ತಿಂಗಳಿಂದ ಅದನ್ನು ತನ್ನದೇ ಅನ್ನೋ ಹಾಗೆ ಹಿಡಕೊಂಡು ಓಡಾಡ್ತಿದ್ದಾಳೆ, ನಿಮಗೆ ಒಳಗೊಳಗೇ ಕೋಪ ಇದೆ. ‘ಅಬ್ಟೇನ್’ ಅಂದರೆ ಗೇಟ್ ಪಾಸ್ ಬರೆಸಬೇಕು. ಕೊಡೆ ಒಂದೇ, ಕತೆ ಒಂಬತ್ತು.

ಅಮೆರಿಕದಲ್ಲಿರುವ ಮಗನೋ ಮಗಳೋ ‘ಗಾಟನ್’ ಅಂದರೆ ತಿದ್ದಲು ಹೋಗಬೇಡಿ. ಅಲ್ಲಿ ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ಕಾರಿದೆ ಅಂತ, ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದರೆ ಹೊಸದಾಗಿ ಕಾರು ಬಂತು ಅಂತ. ಅದು ಹಳೆಯ ರೂಪವೇ. ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಕಳೆದುಹೋಗಿ ‘ಇಲ್-ಗಾಟನ್’, ‘ಫರ್ಗಾಟನ್’ ಥರದ ಪದಗಳಲ್ಲಿ ಅವಿತುಕೊಂಡಿದೆ, ಕಡಲಾಚೆ ಉಳಿದುಕೊಂಡಿದೆ.

ಕೊನೆಗೆ, ನಾನು ಇವತ್ತಿನವರೆಗೆ ಇಂಗ್ಲಿಷಿಗೆ ಇಳಿಸಲಾಗದ ಒಂದು ಮಾತು ಇದೆ. ಇಸ್ಕೊ. ‘ಪಕ್ಕದ್ಮನೆ ಅತ್ತೆ ಹತ್ರ ಸ್ವಲ್ಪ ಹೆಪ್ಪು ಇಸ್ಕೊಂಡು ಬಾ.’ ಹಳಗನ್ನಡದಲ್ಲಿ ‘ಈ’ ಅಂದರೆ ಕೊಡು, ‘ಈಸು’ ಅಂದರೆ ಕೊಡುವಂತೆ ಮಾಡು. ಈಸಿಕೊಳ್ಳೋದು ಅಂದರೆ ಇನ್ನೊಬ್ಬರ ಕೈಯಿಂದ ನನ್ನ ಕೈಗೆ ಕೊಡಿಸಿಕೊಳ್ಳೋದು. ಕೇಳೋದೂ ಅದರಲ್ಲೇ ಇದೆ, ಅವರು ಕೊಡೋದೂ ಇದೆ, ನಾನು ತಗೊಳ್ಳೋದೂ ಇದೆ. ಗೆಟ್‌ನಲ್ಲಿ ಕೊಟ್ಟವರು ಕಾಣಲ್ಲ. ಟೇಕ್‌ನಲ್ಲಿ ಕೇಳಿದ್ದು ಕಾಣಲ್ಲ. ರಿಸೀವ್ ಅಂದರೆ ಸುಮ್ನೆ ಕೂತವನ ಕೈಗೆ ಬಂದು ಬಿದ್ದ ಹಾಗೆ. ಬಾರೋ ಅಂದರೆ ವಾಪಸ್ ಕೊಡಬೇಕು, ಹೆಪ್ಪನ್ನು ಯಾರು ವಾಪಸ್ ಕೊಡ್ತಾರೆ? ‘ಆಸ್ಕ್ ಆಂಟಿ ನೆಕ್ಸ್ಟ್ ಡೋರ್ ಫಾರ್ ಸಮ್’ ಅನ್ನೋದು ಹತ್ತಿರಕ್ಕೆ ಬರುತ್ತದೆ, ಆದರೆ ಹುಡುಗ ಕೇಳಿ ಸುಮ್ಮನೆ ಬಂದುಬಿಟ್ಟರೆ?